ಉತಾರ ಇದ್ದವನಿಗೇ ಜಾಮೀನು

“ಜಾಮೀನು ಸಿಕ್ಕೈತಿ ಅಂದ್ರಿ, ಮತ್ತ ಹುಡುಗ ಯಾಕ ಇನ್ನೂ ಒಳಗದಾನ್ರಿ ವಕೀಲ್ ಸಾಹೇಬ್ರ?” “ಜಾಮೀನು ಸಿಕ್ಕೈತಿ ಕಾಕಾ, ಜಾಮೀನುದಾರ ಸಿಕ್ಕಿಲ್ಲ. ಉತಾರ ತರ್ರಿ.” “ನಮ್ಮ ಮಾವನ ಹೊಲ ಸೊಲ್ಲಾಪುರದ ಕಡೆ ಐತ್ರಿ.” “ಅದು ಮಹಾರಾಷ್ಟ್ರದ ಹೊಲ, ನಡ್ಯಾಂಗಿಲ್ಲ.”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಕೋರ್ಟಿನ ಕಟ್ಟೆಯಲ್ಲಾದರೂ ನಡೆಯಬಹುದಾದ ಮಾತಿದು. ನಮ್ಮ ವ್ಯವಸ್ಥೆ ನಂಬುವುದು ಮನುಷ್ಯನನ್ನಲ್ಲ, ಉತಾರದಲ್ಲಿರುವ, ಅಂದರೆ ಪಹಣಿಯಲ್ಲಿರುವ, ಸರ್ವೆ ನಂಬರನ್ನು. 1978ರ ಮೋತಿರಾಮ್ ಪ್ರಕರಣದಲ್ಲೂ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಸಹೋದರನನ್ನು ತಳ್ಳಿಹಾಕಲಾಗಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ, 1,000 ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡಿಸಿದರು.

“ಶ್ಯೂರಿಟಿ ಇಲ್ಲದಿದ್ದರೆ ಆರೋಪಿ ಓಡಿಹೋಗುವುದಿಲ್ಲವೇ?” ಆಕ್ಷೇಪ ಪೊಳ್ಳೇನಲ್ಲ. ಆದರೆ ಬ್ಯಾಂಕಿಗೆ ನಾಮ ಹಾಕಿ ಲಂಡನ್ ಸೇರಿದವರಿಗೆ ಆಸ್ತಿಯ ಕೊರತೆಯಿತ್ತೇ? ಹೆಂಡತಿ ಮಕ್ಕಳು, ಊರು, ಕೂಲಿ ಇವೂ ಮನುಷ್ಯನನ್ನು ಕಟ್ಟಿಹಾಕುತ್ತವೆ. ಅವಕ್ಕೆ ಉತಾರವಿಲ್ಲ, ಅಷ್ಟೆ. ಜಾಮೀನೀಯ ಅಪರಾಧದಲ್ಲಿ ಬಂಧನವಾದ ವಾರದೊಳಗೆ ಜಾಮೀನು ಒದಗಿಸಲಾಗದಿದ್ದರೆ, ಆರೋಪಿ ಬಡವನೆಂದು ಭಾವಿಸಲು ಅದೇ ಸಾಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಂ ಹೇಳುತ್ತದೆ. ಅಂಥವನನ್ನು ಶ್ಯೂರಿಟಿಯಿಲ್ಲದೆ ಬಿಡಬೇಕು. ವಕೀಲರೇ, ಉತಾರ ಕೇಳುವ ಮೊದಲು ಆ ಕಲಂ ಓದಿ ಹೇಳಿ.