‘ಯಾರದು ಅಂತ ನಾನು ಕೇಳೋದೇ ಇಲ್ಲ!’

ಮುಂಬಯಿ ಬಳಿಯ ಅಂಬರನಾಥ ಸ್ಟೇಷನ್ನಿನ ಹೊರಗಿನ ಮೊಬೈಲ್ ರಿಪೇರಿ ಅಂಗಡಿಯೊಂದರ ಹಳೆಯ ಲ್ಯಾಪ್‌ಟಾಪೇ ಶ್ರೀಯುತ ಎಫ್‌ಆರ್‌ಪಿ ಟೂಲ್ ಅವರ ನಿವಾಸ. ಫೋನುಗಳ ‘ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್’ ಬೀಗ ಮುರಿಯುವ ಸಾಫ್ಟ್‌ವೇರ್ ಇವರು. ಗಿರಾಕಿಗಳ ಗದ್ದಲ ತುಸು ತಗ್ಗಿದಾಗ ಮಾತಿಗೆ ಸಿಕ್ಕರು.

ತಮ್ಮ ಉದ್ಯೋಗ?
ಸಮಾಜಸೇವೆ. ರೀಸೆಟ್ ಆದ ಮೇಲೂ ‘ಹಳೆಯ ಜಿಮೇಲ್ ಹೇಳು’ ಎಂದು ಹಟ ಹಿಡಿಯುವ ಫೋನುಗಳಿಗೆ ಬುದ್ಧಿ ಹೇಳುತ್ತೇನೆ.

ಆ ಹಟ ಕಲಿಸಿದವರು ಯಾರು?
ಐಫೋನಿಗೆ 2013ರಲ್ಲಿ ಆ್ಯಪಲ್, ಆಂಡ್ರಾಯ್ಡಿಗೆ 2015ರಲ್ಲಿ ಗೂಗಲ್. ಕದ್ದ ಮಾಲು ಕಳ್ಳನ ಕೈಯಲ್ಲಿ ಕೆಲಸಕ್ಕೆ ಬಾರದಂತಾಗಲಿ ಎಂಬ ದುರಾಲೋಚನೆ!

ಹಾಗಾದರೆ ತಮ್ಮ ಗಿರಾಕಿಗಳೆಲ್ಲ ಕಳ್ಳರೇ?
ಛೆ ಛೆ! ಬೆಳಿಗ್ಗೆ ಅಜ್ಜಿಯೊಬ್ಬರು ಬಂದಿದ್ದರು. ಫೋನು ಕೊಟ್ಟವನೇ ಯಾವುದೋ ಜಿಮೇಲ್ ಮಾಡಿಕೊಟ್ಟಿದ್ದ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಮೊಮ್ಮಗ ಏನೋ ಒತ್ತಿ ರೀಸೆಟ್ ಮಾಡಿಬಿಟ್ಟ. ತೀರಿಕೊಂಡ ಗಂಡನ ಫೋನು ಹಿಡಿದು ಬರುವವರೂ ಉಂಟು. ಇಂಥವರ ಕಣ್ಣೀರೇ ನನ್ನ ಜಾಹೀರಾತು.

ಮಧ್ಯಾಹ್ನ?
ಚೀಲದಲ್ಲಿ ಏಳು ಫೋನು ತಂದವನೊಬ್ಬ. ಏಳರ ಪಾಸ್‌ವರ್ಡೂ ಮರೆತಿದ್ದಾನಂತೆ. ಮರೆವಿನ ಕಾಯಿಲೆ, ಪಾಪ.

ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರ ಕೈಗೆ ‘ಫಟ್ಕಾ’ ಹೊಡೆದು ಬೀಳಿಸಿದ ಫೋನು ಅದರಲ್ಲಿದ್ದರೆ? ಆ ಏಟಿಗೆ ಆಯತಪ್ಪಿ ಬಿದ್ದು ಕಾಲು ಕಳೆದುಕೊಂಡವರಿದ್ದಾರೆ.
ಕೇಬಲ್ ಸಿಕ್ಕಿಸಿದ ಮೇಲಿನ ಕಥೆ ಮಾತ್ರ ನನಗೆ ಗೊತ್ತು. ಮಾಡೆಲ್ ಯಾವುದು ಅಂತ ಕೇಳುತ್ತೇನೆ. ಯಾರದು ಅಂತ ಕೇಳೋದೇ ಇಲ್ಲ.

ಕಾನೂನು ಕೇಳುತ್ತದಲ್ಲ?
ಗೊತ್ತು. ಕದ್ದ ಫೋನೆಂದು ತಿಳಿದೂ ಇಟ್ಟುಕೊಂಡರೆ ಐಟಿ ಕಾಯ್ದೆಯ 66ಬಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು. ಮುಂಬಯಿಯಲ್ಲೇ 2019ರಲ್ಲಿ ಶುರುವಾದ, ಕಳುವಾದ ಫೋನು ತಡೆಯುವ ಸರ್ಕಾರಿ ವ್ಯವಸ್ಥೆ ಸಿಇಐಆರ್ ಇನ್ನೊಂದು ಪೀಡೆ. ವಾರಸುದಾರ ಅಲ್ಲಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಿದರೆ, ನಾನು ತೆರೆದುಕೊಟ್ಟ ಫೋನಿಗೆ ಸಿಮ್ ಹಾಕಿದರೂ ನೆಟ್‌ವರ್ಕ್ ಬಾರದು.

ಐಎಂಇಐ ನಂಬರನ್ನೇ ಬದಲಿಸಿದರೆ?
ಮೆಲ್ಲಗೆ ಮಾತಾಡಿ! 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸಜೆ, 50 ಲಕ್ಷ ರೂಪಾಯಿವರೆಗೆ ದಂಡ. ಜೈಲಿಗೆ ಹೋಗುವವರು ಅಂಗಡಿಯ ಸೇಠ್, ನಾನಲ್ಲ.

ಸೇಠ್ ಮೇಲಾದರೂ ನಿಷ್ಠೆ ಇದೆಯೆ?
ಅವರು ನನಗೆ ಕಾಸು ಕೊಟ್ಟಿಲ್ಲ. ಟೆಲಿಗ್ರಾಂನಲ್ಲಿ ಬಿಟ್ಟಿ ಸಿಕ್ಕ ಕ್ರ್ಯಾಕ್ ಪ್ರತಿ ನಾನು. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂದೆ, ಮಾಡಿದರು. ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಅವರ ಪಾಸ್‌ವರ್ಡುಗಳು ಅಂದೇ ಊರು ಬಿಟ್ಟವು. ನಾನು ಗಿರಾಕಿ, ಮಾಲೀಕ ಎಂಬ ಭೇದ ಎಣಿಸುವವನಲ್ಲ.

ಆ ಅಜ್ಜಿಗೆ ಬೇರೆ ದಾರಿ ಇರಲಿಲ್ಲವೆ?
ವ್ಯಾಪಾರದ ಗುಟ್ಟು ಕೇಳುತ್ತಿದ್ದೀರಿ. ಬಿಲ್ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್ ಇದೆ. ಗೂಗಲ್‌ನ ಅಕೌಂಟ್ ರಿಕವರಿ ಇದೆ. ಮಾರುವವರು ಮೊದಲೇ ಅಕೌಂಟ್ ತೆಗೆದು, ಸೆಟ್ಟಿಂಗ್ಸ್ ಮೂಲಕ ರೀಸೆಟ್ ಮಾಡಿ ಕೊಟ್ಟರೆ ನಾನು ಉಪವಾಸ. ಹಳೆಯ ಫೋನು ಕೊಳ್ಳುವವರು ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು 15 ಅಂಕಿಯ ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಬ್ಲಾಕ್ ಆದದ್ದು ತಿಳಿಯುತ್ತದೆ.

ಆಂಡ್ರಾಯ್ಡ್ 15ರಲ್ಲಿ ಬೀಗ ಇನ್ನೂ ಬಿಗಿಯಾಗಿದೆ. ಭಯವಿಲ್ಲವೆ?
ಅವರು ಬಿಗಿ ಮಾಡಲಿ, ನನಗೂ ಹೊಸ ವರ್ಷನ್ ಬರುತ್ತದೆ. ಭಯವಿರುವುದು ಸೇಠ್‌ರ ಹೆಂಡತಿಯದು. ಕೌಂಟರಿನಲ್ಲಿ ಅವರು ಕೂತ ದಿನ ‘ಬಿಲ್ ತೋರಿಸಿ, ಐಎಂಇಐ ಹೊಂದಿಸಿ ನೋಡೋಣ’ ಅನ್ನುತ್ತಾರೆ. ಏಳು ಫೋನಿನವನು ಚೀಲ ಎತ್ತಿಕೊಂಡು ಓಡುತ್ತಾನೆ. ಆ ಹೆಂಗಸಿಗೆ ಮಾತ್ರ ಇನ್ನೂ ಬೈಪಾಸ್ ಸಿಕ್ಕಿಲ್ಲ.