ನಿವೃತ್ತ ಶಿರಸ್ತೇದಾರರು

ತುಮಕೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಎಸ್.ಎಸ್. ಪುರಂ ಆಗಲಿ, ಸೋಮೇಶ್ವರಪುರಂ ಆಗಲಿ, ಗೇಟಿನ ಮೇಲೆ ಮೊಣಕೈ ಊರಿ ನಿಂತ ಇವರು ಸಿಕ್ಕೇ ಸಿಗುತ್ತಾರೆ. ಹುಟ್ಟಿದ್ದು ಗುಬ್ಬಿ ಕಡೆಯ ಹಳ್ಳಿ, ನೌಕರಿಯ ಬಹುಪಾಲು ಕುಣಿಗಲ್ ತಾಲ್ಲೂಕು ಕಚೇರಿ, ಮನೆ ಕಟ್ಟಿಸಿದ್ದು ತುಮಕೂರು. ಐವತ್ತೆಂಟಕ್ಕೇ ರಿಟೈರಾಗಬೇಕಿತ್ತು. ಅಷ್ಟರಲ್ಲಿ, 2008ರಲ್ಲಿ, ಸರ್ಕಾರ ವಯೋಮಿತಿಯನ್ನು ಅರವತ್ತಕ್ಕೆ ಏರಿಸಿತು. ಅಂದರೆ ಇವರು ಮುದುಕರಾಗುವುದನ್ನು ಸರ್ಕಾರವೇ ಅಧಿಕೃತವಾಗಿ ಎರಡು ವರ್ಷ ಮುಂದೂಡಿತು. ಆ ಆದೇಶ ಇನ್ನೂ ಜಾರಿಯಲ್ಲಿದೆ ಎಂದೇ ಇವರ ನಂಬಿಕೆ.

ಹಾಗಾಗಿ ಇವರಿಗೆ ವಯಸ್ಸಾಗಿಲ್ಲ. ಆಗಿರುವುದೆಲ್ಲ ಬೇರೆಯವರ ಲೋಪ. ಪಂಚಾಂಗದ ಅಕ್ಷರ ಕಾಣದಿದ್ದರೆ ಅದು ಪ್ರೆಸ್ಸಿನವನ ಜಿಪುಣತನ. ಫೋನಿನಲ್ಲಿ ಮಗನ ಮಾತು ಕೇಳಿಸದಿದ್ದರೆ, ಬೆಂಗಳೂರು ಸೇರಿದ ಮೇಲೆ ಅವನು ಮಾತು ನುಂಗುವುದು ಕಲಿತಿದ್ದಾನೆ. ಮಂಡಿ ನೋವಿಗೆ ಸೊಸೆ ಹಾಕಿಸಿದ ಟೈಲ್ಸ್ ಕಾರಣ. ಕನ್ನಡಕ ಕಾಣೆಯಾದರೆ ಹೆಂಡತಿ ಎಲ್ಲೋ ಎತ್ತಿಟ್ಟಿದ್ದಾರೆ (ಕೊನೆಗೆ ಅದು ಎಲ್ಲಿ ಸಿಗುತ್ತದೆ ಎಂದು ನಿಮಗೆ ಗೊತ್ತು, ನಾನು ಹೇಳುವುದಿಲ್ಲ). ಇನ್ನು 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು ಇವರಿಗೆ ದೊಡ್ಡ ಅನುಕೂಲವಾಯಿತು. ಎಡವಿದ್ದಕ್ಕೆಲ್ಲ ಸ್ಮಾರ್ಟ್ ಸಿಟಿಯೇ ಕಾರಣ, ಬಚ್ಚಲುಮನೆಯಲ್ಲಿ ಎಡವಿದರೂ.

ಬೆಳಿಗ್ಗೆ ಅಮಾನಿಕೆರೆ ಕಡೆ ವಾಕಿಂಗ್. ಅಲ್ಲಿ ನಡೆಯುವವರಿಗಿಂತ ಬೆಂಚಿನ ಮೇಲೆ ಕೂತವರೇ ಜಾಸ್ತಿ. ಒಬ್ಬರು ತಮ್ಮ ಶುಗರ್ ಎಷ್ಟು ಅಂದರೆ ಪಕ್ಕದವರು ಅದಕ್ಕೆ ಹತ್ತು ಸೇರಿಸಿ, ಹರಾಜಿನಲ್ಲಿ ಕೂಗಿದಂತೆ ಕೂಗುತ್ತಾರೆ. ಇವರು ಮಾತ್ರ ಕೂಗುವುದಿಲ್ಲ. “ನಂಗೇನೂ ಇಲ್ಲಪ್ಪ” ಅನ್ನುತ್ತಲೇ ಆ ಕಡೆ ತಿರುಗಿ, ಜೇಬಿನ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.

ಹಲ್ಲಿನ ವಿಚಾರದಲ್ಲಿ ಇಡೀ ಜಿಲ್ಲೆಯೇ ಇವರ ಕೈಹಿಡಿದಿದೆ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಒಸಡೇ ಸಾಕು. ತಿಪಟೂರು ಕೊಬ್ಬರಿ ಎದುರಾದಾಗ ಮಾತ್ರ “ಮೊದಲಿನ ರುಚಿ ಇಲ್ಲ ಬಿಡಿ” ಎಂದು ತಟ್ಟೆ ಪಕ್ಕಕ್ಕೆ ಸರಿಯುತ್ತದೆ. ಚೇಳೂರು ಕಡೆಯ ಕೆಂಪು ತೊಳೆಯ ಸಿದ್ದು ಹಲಸು ಬಂದರೆ ಡಾಕ್ಟರ ಮಾತು ನಡೆಯುವುದಿಲ್ಲ. “ರೀ, ಶುಗರ್ರು!” ಎಂದು ಹೆಂಡತಿ ಕೂಗಿದರೆ, “ಇದು ನಮ್ಮ ಗುಬ್ಬಿ ತಾಲ್ಲೂಕಿಂದು ಕಣೇ” ಎಂಬ ಉತ್ತರ ಬರುತ್ತದೆ, ಸ್ವಂತ ತಾಲ್ಲೂಕಿನ ಸಕ್ಕರೆ ಲೆಕ್ಕಕ್ಕಿಲ್ಲ ಎಂಬ ಧಾಟಿಯಲ್ಲಿ.

ನಿಜವಾದ ಸಂಕಟ ಕುಣಿಗಲ್ ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಡತಿಗೆ ಟಿಕೆಟ್ ದುಡ್ಡಿಲ್ಲ. ಇವರಿಗೆ ಹಿರಿಯ ನಾಗರಿಕರ ಶೇಕಡಾ 25 ರಿಯಾಯಿತಿ ಇದೆ, ಆದರೆ ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದರೆ ವಯಸ್ಸು ಒಪ್ಪಿಕೊಂಡಂತೆ, ಕೇಳದಿದ್ದರೆ ದುಡ್ಡು ಹೋಯಿತು. ಕಂಡಕ್ಟರ್ ಹತ್ತಿರ ಬಂದಾಗ ಇವರು ಗುರುತಿನ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿ, ಲಂಚ ಕೊಡುವವರ ಹಾಗೆ ಮುಂದೆ ಚಾಚುತ್ತಾರೆ. ಆ ಭಂಗಿ ಇವರಿಗೆ ಚೆನ್ನಾಗಿ ಗೊತ್ತು, ಇನ್ನೊಂದು ಬದಿಯಿಂದ. ಕಂಡಕ್ಟರ್ ಮಹಾಶಯನಿಗೆ ಗುಟ್ಟು ಅಂದರೆ ಏನೆಂದೇ ತಿಳಿಯದು. “ಅಜ್ಜಂದು ಸೀನಿಯರ್ ಸಿಟಿಜನ್ ಒಂದು, ಕುಣಿಗಲ್!” ಎಂದು ಹಿಂದಿನ ಸೀಟಿನವರೆಗೂ ಕೇಳುವಂತೆ ಸಾರುತ್ತಾನೆ. ಪಕ್ಕದಲ್ಲಿ ಹೆಂಡತಿ ತಮ್ಮ ಪುಕ್ಕಟೆ ಟಿಕೆಟ್ಟನ್ನು ಮಡಿಸಿ ಪರ್ಸಿಗೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಾರೆ. ಊರು ಬರುವವರೆಗೆ ಮಾತಿಲ್ಲ.

ಇದೆಲ್ಲವನ್ನೂ ಹೇಗೋ ಸಹಿಸಬಹುದು. ಆದರೆ ವರ್ಷಕ್ಕೊಮ್ಮೆ ನವೆಂಬರ್ ಬರುತ್ತದೆ, ಪಿಂಚಣಿದಾರರು ಬದುಕಿದ್ದೇವೆಂದು ಸಾಬೀತು ಮಾಡುವ ತಿಂಗಳು. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಾಗ, ಅರವತ್ತೈದು ತುಂಬಿದ ಅಜ್ಜಿಯರು ಅರ್ಜಿ ಹಿಡಿದು ಇವರ ಮೇಜಿನ ಮುಂದೆ ಸಾಲುಗಟ್ಟುತ್ತಿದ್ದರು. ಬೆನ್ನು ಬಾಗಿ, ಮುಖವೆಲ್ಲ ಸುಕ್ಕಾಗಿ ನಿಂತವರಿಗೆ ಇವರು “ವಯಸ್ಸಿಗೆ ದಾಖಲೆ ಎಲ್ಲಮ್ಮ?” ಎಂದು ಕೇಳುತ್ತಿದ್ದರು. ಈಗ ಇವರೇ ಕಿಟಕಿಯ ಈಚೆ. ಬೆರಳು ಒತ್ತಿದರೆ ಅಚ್ಚು ಕೂರುವುದಿಲ್ಲ. ಗೆರೆಗಳು ಸವೆದಿವೆ ಎಂದು ಹುಡುಗ ಹೇಳಿದ. “ನಿನ್ ಮೆಷಿನ್ ಸವೆದೈತೆ” ಎಂದರು ಇವರು. ಮೊಬೈಲಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಿ ಅಂದ. ಮೂವತ್ತು ವರ್ಷ ಯಾರ ಮುಂದೆಯೂ ರೆಪ್ಪೆ ಆಡಿಸದೆ ಕಡತ ನೋಡಿದ ಶಿರಸ್ತೇದಾರರು ಕಿಟಕಿ ಮುಂದೆ ನಿಂತು ಕಣ್ಣು ಮಿಟುಕಿಸಿದರು. ಪೊರೆ ಆಪರೇಷನ್ ಆದ ಕಣ್ಣು, ಸಾಲಲಿಲ್ಲವೇನೋ, ಇನ್ನೊಂದು ಸಲ ಅಂದ. ಹಿಂದೆ ನಿಂತಿದ್ದವರೊಬ್ಬರು ನಕ್ಕರು.

ಕೊನೆಗೆ ಹುಡುಗ ಕೈಚೆಲ್ಲಿ, “ಸರ್ವರ್ ಬಿಜಿ ಸಾರ್, ನಾಳೆ ಬನ್ನಿ” ಅಂದ.

ಇವರು ರೇಗುತ್ತಾರೆಂದು ಎಲ್ಲರೂ ಕಾದರು. ರೇಗಲಿಲ್ಲ. ಮುಖವೇ ಸಡಿಲವಾಯಿತು. ಕಿಟಕಿಗೆ ಬಗ್ಗಿ ದನಿ ತಗ್ಗಿಸಿ ಅಂದರು: “ನಾಳೆ ಅಂತ ದಿನ ಕೊಡಬಾರ್ದು ಕಣಯ್ಯ. ನಾಳೆ ಅಂದ್ರೆ ಜನ ನಾಳೇನೇ ಬಂದ್ಬಿಡ್ತಾರೆ. ‘ಬಂದು ವಿಚಾರಿಸ್ತಾ ಇರಿ’ ಅನ್ನಬೇಕು.”