ಕ್ಯಾರಿಯರ್ ಮಾಮನ ಚೀನೀ ಯುಗಾದಿ

ಕೆ.ಜಿ.ಎಫ್‌ನ ಯಾವ ಲೈನಿಗೆ ಹೋದರೂ ಒಬ್ಬ ಕ್ಯಾರಿಯರ್ ಮಾಮ ಇದ್ದೇ ಇರುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮಾಮ ಮನೆ ಸೇರಿದರು, ಅವರ ಊಟದ ಕ್ಯಾರಿಯರ್ ಸೇರಲಿಲ್ಲ. ಮೊದಲು ಶಿಫ್ಟಿಗೆ ಹೋಗುತ್ತಿದ್ದದ್ದು ಈಗ ಹಬ್ಬಕ್ಕೆ ಹೋಗುತ್ತದೆ. ಮನೆಯಲ್ಲಿ ತೆಲುಗು, ಪಕ್ಕದ ಮನೆಯವರ ಜೊತೆ ತಮಿಳು, ಸರ್ಕಾರಿ ಕಚೇರಿಯಲ್ಲಿ ಕನ್ನಡ, ಸಾಬರ ಅಂಗಡಿಯಲ್ಲಿ ಉರ್ದು, ಕೋಪ ಬಂದರೆ ಇಂಗ್ಲಿಷ್. ಹಸಿವಾದಾಗ ಯಾವ ಭಾಷೆ ಎಂಬುದು ಆ ದಿನ ಯಾರ ಮನೆಯಲ್ಲಿ ಹಬ್ಬ ಎನ್ನುವುದರ ಮೇಲೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗೆ ಕೈಹಾಕಿದ ಮೇಲೆ ಆರ್ಕಾಟಿನವರು, ಚಿತ್ತೂರಿನವರು, ಆಂಗ್ಲೋ ಇಂಡಿಯನ್ನರು, ದೂರದ ಇಂಗ್ಲೆಂಡಿನವರು ಎಲ್ಲರೂ ಬಂದು ಸೇರಿದರು. ಚಿನ್ನ ಲಂಡನ್ನಿಗೆ ಹೋಯಿತು, ಹಬ್ಬಗಳು ಇಲ್ಲೇ ಉಳಿದವು. ಪೊಂಗಲ್, ಯುಗಾದಿ, ಆಡಿ ತಿಂಗಳ ಮಾರಿಯಮ್ಮನ ಕೂಳು, ಬುದ್ಧ ಪೂರ್ಣಿಮೆ, ರಂಜಾನ್, ಕ್ರಿಸ್‌ಮಸ್ಸಿನ ರೋಸ್ ಕುಕ್ಕೀಸು. ಸೌಹಾರ್ದ, ಸಹಬಾಳ್ವೆ ಎಂಬ ಮಾತುಗಳನ್ನು ಮಾಮನ ಬಾಯಲ್ಲಿ ಯಾರೂ ಕೇಳಿಲ್ಲ. ಅವು ವೇದಿಕೆಯವರ ಮಾತು. ಮಾಮ ಮಾತಾಡುವುದು ಬಾಕಿಯ ಬಗ್ಗೆ. ಬಂದ ಡಬ್ಬಿ ಖಾಲಿ ವಾಪಸ್ಸು ಹೋಗಬಾರದು. ಹೋದ ಡಬ್ಬಿ ಖಾಲಿ ಬರಬಾರದು. ಈ ಲೆಕ್ಕ ಅವರ ತಲೆಯಲ್ಲಿ ಬ್ಯಾಂಕಿನವರ ಲೆಡ್ಜರಿಗಿಂತ ಚೊಕ್ಕಟವಾಗಿದೆ.

ಇಂಥ ಮಾಮನಿಗೆ ಸಿಂಗಪುರದಲ್ಲಿರುವ ಮಗಳು ಟಿಕೆಟ್ ಕಳಿಸಿದಳು. ಅಲ್ಲಿನ ಚೈನಾಟೌನಿನ ನಟ್ಟನಡುವೆ, 1827ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಇದೆ. ಅದೇ ರಸ್ತೆಯಲ್ಲಿ ಮಸೀದಿ. ವಾಟರ್‌ಲೂ ಬೀದಿಯಲ್ಲಿ ಚೀನೀ ಹೆಂಗಸರು ಪಕ್ಕದ ಗುವಾನ್ ಯಿನ್ ಗುಡಿಗೆ ಹಚ್ಚಿದ ಹಾಗೆಯೇ ಕೃಷ್ಣನ ಗುಡಿಯ ಮುಂದೂ ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಎಲ್ಲರೂ ಬೆರಗಾಗುವುದನ್ನು ನೋಡಿ ಮಾಮ ಬೆರಗಾದರು. "ಇದರಲ್ಲೇನಿದೆ? ನಮ್ಮ ರಾಬರ್ಟ್‌ಸನ್‌ಪೇಟೆಗೆ ಲಿಫ್ಟು ಹಾಕ್ಸಿದಾರೆ ಅಷ್ಟೆ" ಎಂದು ಅತ್ತೆಗೆ ಫೋನಿನಲ್ಲಿ ವರದಿ ಒಪ್ಪಿಸಿದರು.

ಅವರನ್ನು ಕಟ್ಟಿಹಾಕಿದ್ದು ಚೀನೀ ಹೊಸ ವರ್ಷ. ನಮಗೆ ಪ್ರಭವ, ವಿಭವ ಎಂದು 60 ಸಂವತ್ಸರ ಇರುವಂತೆ ಅವರಿಗೂ 60 ವರ್ಷದ ಒಂದು ಸುತ್ತು. ಚಂದ್ರನನ್ನೂ ಸೂರ್ಯನನ್ನೂ ಸರಿಹೊಂದಿಸಲು ನಮ್ಮ ಹಾಗೇ ಅವರೂ ಅಧಿಕ ಮಾಸ ಹಾಕುತ್ತಾರೆ. ಯುಗಾದಿಗಿಂತ ಒಂದೋ ಎರಡೋ ತಿಂಗಳು ಮುಂಚೆ, ಅಮಾವಾಸ್ಯೆ ಹಿಡಿದು ಹಬ್ಬ. ಹಬ್ಬಕ್ಕೆ ವಾರ ಇರುವಾಗ ಅಡುಗೆಮನೆಯ ದೇವರು ಮನೆಯವರ ವರದಿ ಒಪ್ಪಿಸಲು ಸ್ವರ್ಗಕ್ಕೆ ಹೊರಡುತ್ತಾನಂತೆ. ಹೊರಡುವ ಮುಂಚೆ ಅವನ ಬಾಯಿಗೆ ಜೇನೋ ಅಂಟು ಮಿಠಾಯಿಯೋ ಬಳಿದು ಕಳಿಸುತ್ತಾರೆ, ಸಿಹಿ ಮಾತೇ ಆಡಲಿ, ಇಲ್ಲವೇ ಬಾಯೇ ತೆರೆಯದಿರಲಿ ಎಂದು. ಜೀವಮಾನವೆಲ್ಲ ಮೇಸ್ತ್ರಿಗಳಿಗೆ ಟೀ ಕುಡಿಸಿದ ಮಾಮನಿಗೆ ಈ ಶಾಸ್ತ್ರ ಕೂಡಲೇ ಅರ್ಥವಾಯಿತು. ಏಳನೇ ದಿನ ಲೋಕದ ಮನುಷ್ಯರಿಗೆಲ್ಲ ಹುಟ್ಟುಹಬ್ಬ ಎಂದು ಮಗಳು ಹೇಳಿದಾಗಲಂತೂ, "ನಮ್ಮ ಸ್ಕೂಲಿನ ದಾಖಲೆಯಲ್ಲೂ ಹಾಗೇ ಇತ್ತಲ್ಲಮ್ಮ, ಎಲ್ಲರದೂ ಜೂನ್ ಒಂದು" ಎಂದರು.

ಊರಿಗೆ ಮರಳಿದವರು ಹಬ್ಬವನ್ನು ಪಟ್ಟಿಗೆ ಸೇರಿಸಿಬಿಟ್ಟರು. ಅತ್ತೆ ಮೊದಲು ಒಪ್ಪಲಿಲ್ಲ.

"ಅಮಾವಾಸ್ಯೆ ದಿನ ಯಾರಾದರೂ ವರ್ಷ ಶುರು ಮಾಡ್ತಾರೇನ್ರೀ?"

"ದೀಪಾವಳಿಗೆ ಲಕ್ಷ್ಮೀಪೂಜೆ ಯಾವತ್ತು ಮಾಡ್ತೀಯಮ್ಮಿ?"

ಅತ್ತೆ ಸುಮ್ಮನಾದರು. ಮೊದಲ ದಿನ ಕಸ ಗುಡಿಸಿದರೆ ಅದೃಷ್ಟವೂ ಆಚೆ ಹೋಗುತ್ತದೆ, ಪೊರಕೆ ಮುಟ್ಟಬಾರದು ಎಂದು ತಿಳಿದ ಮೇಲೆ ಪೂರ್ತಿ ಒಲಿದರು. ಹುಟ್ಟಿದ ವರ್ಷಕ್ಕೊಂದು ಪ್ರಾಣಿ ಎಂಬಲ್ಲಿ ಮಾತ್ರ ಸಂಸಾರ ಒಂದು ಗಳಿಗೆ ಅಲುಗಾಡಿತು. ಮಾಮ 1952ರವರು, ಡ್ರ್ಯಾಗನ್. ಅತ್ತೆ 1959. ಅದು ಹಂದಿಯ ವರ್ಷ. ಸಾವಿರಾರು ಅಡಿ ಆಳದಲ್ಲಿ ದುಡಿದ ಧೈರ್ಯವೆಲ್ಲ ಒಟ್ಟುಗೂಡಿಸಿಕೊಂಡು ಮಾಮ, "ನಿಂದು ವರಾಹಾವತಾರ" ಎಂದರು. ಅತ್ತೆ ಕೈಮುಗಿದರು.

2026ರಲ್ಲಿ ಹಬ್ಬ ಫೆಬ್ರವರಿ 17ಕ್ಕೆ ಬಿತ್ತು. ಹಿಂದಿನ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಮಗಳು ಬರುವಂತಿಲ್ಲ, ಮನೆಮಂದಿ ಎಂದರೆ ಲೈನಿನವರೇ. ಇಲ್ಲಿ ಮಾಮನ ಪ್ರತಿಭೆಯನ್ನು ಮೆಚ್ಚಲೇಬೇಕು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಬೆರಳಾಡಿಸಿದರು. 15ಕ್ಕೆ ಶಿವರಾತ್ರಿ, ಹಿಂದೂಗಳು ಉಪವಾಸ. 18ಕ್ಕೆ ಬೂದಿ ಬುಧವಾರ, ಕ್ರೈಸ್ತರ ತಪಸ್ಸಿನ ಕಾಲ ಶುರು. ಅದರ ಹಿಂದೆಯೇ ಚಂದ್ರ ಕಂಡರೆ ರಂಜಾನ್. ಎಲ್ಲರ ಹೊಟ್ಟೆಯೂ ಒಟ್ಟಿಗೆ ಖಾಲಿ ಇದ್ದು, ಯಾರ ಧರ್ಮವೂ ಅಡ್ಡ ಬಾರದ ಸಂದು ಎಂದರೆ 16, 17 ಎರಡೇ ದಿನ. "ಚೀನಾದವರು ಎಷ್ಟು ಯೋಚನೆ ಮಾಡಿ ಇಟ್ಟಿದಾರೆ ನೋಡು" ಎಂದರು ಮಾಮ.

ಸಾಮಾನಿಗೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋದರು. ಕಿತ್ತಳೆ ಜೋಡಿ ಜೋಡಿಯಾಗಿ ಕೊಡಬೇಕು, ಬಂಗಾರದ ಬಣ್ಣದ ಹಣ್ಣು ಶುಭ. "ಈ ನೆಲದಿಂದ 800 ಟನ್ ಬಂಗಾರ ತೆಗೆದ್ವಿ, ಮನೇಲಿ ಒಂದು ಗುಲಗಂಜಿ ನಿಲ್ಲಲಿಲ್ಲ. ಹಣ್ಣಾದರೂ ನಿಲ್ಲಲಿ" ಎಂದು ಚೌಕಾಸಿ ಮಾಡಿದರು. ಮಕ್ಕಳಿಗೆ ಕೆಂಪು ಕವರಿನಲ್ಲಿ ದುಡ್ಡು ಇಡಬೇಕು. ಇಲ್ಲೊಂದು ಧರ್ಮಸಂಕಟ. ಚೀನೀಯರಿಗೆ ಸಮಸಂಖ್ಯೆಯೇ ಆಗಬೇಕು. ಬೆಸವೆಂದರೆ ಸಾವಿನ ಮನೆ. ನಮ್ಮ ಮುಯ್ಯಿಗೋ ನೂರರ ಮೇಲೊಂದು ರೂಪಾಯಿ ಇಲ್ಲದಿದ್ದರೆ ಮದುವೆಯೇ ಆದಂತಲ್ಲ. ಮಾಮ ರೈಲಿನಲ್ಲಿ ಕೋರಮಂಡಲ್ ದಾಟಿ ಊರಗಾಂ ಬರುವವರೆಗೆ ಯೋಚಿಸಿ ದಾರಿ ಕಂಡುಕೊಂಡರು. ತೆಲುಗರ ನೂರಾ ಹದಿನಾರು! ಸಮಸಂಖ್ಯೆಯೂ ಆಯಿತು, ಸಂಪ್ರದಾಯವೂ ಆಯಿತು. ಬೀಜಿಂಗಿನಿಂದ ಚಿತ್ತೂರಿನವರೆಗೆ ಯಾರೂ ಬೆರಳೆತ್ತುವಂತಿಲ್ಲ.

ಊಟದ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆಯುಸ್ಸು ಉದ್ದವಾಗಲೆಂದು ತುಂಡರಿಸದ ನೂಡಲ್ಸ್ ತಿನ್ನುವುದು ಅಲ್ಲಿನ ಪದ್ಧತಿ. ಅತ್ತೆ ಒತ್ತುಶಾವಿಗೆ ಮಾಡಿದರು. ಎಳೆ ಕಡಿಯಬಾರದು ಎಂದು ಮಾಮ ಒರಳಿನ ಪಕ್ಕ ನಿಂತು ಉಸ್ತುವಾರಿ ನಡೆಸಿದ್ದಕ್ಕೆ, "ಬನ್ನಿ, ನೀವೇ ಒತ್ತಿ, ಆಯುಸ್ಸು ಗೊತ್ತಾಗತ್ತೆ" ಎಂದು ಹಿಡಿ ಕೈಗಿತ್ತರು. ಡಂಪ್ಲಿಂಗಿನ ಜಾಗಕ್ಕೆ ಕಡುಬು. ಸಿಂಗಪುರದವರು ಹಸಿ ಮೀನು, ತರಕಾರಿ ಬೆರೆಸಿ, ಎಲ್ಲರೂ ಸುತ್ತ ನಿಂತು ಕಡ್ಡಿಗಳಿಂದ ಮೇಲಕ್ಕೆ ಹಾರಿಸುತ್ತಾರೆ. ಎಷ್ಟು ಎತ್ತರವೋ ಅಷ್ಟು ಐಶ್ವರ್ಯ. ಹಸಿ ಮೀನಿಗೆ ಅತ್ತೆ ಒಪ್ಪದ ಕಾರಣ ಕೋಸಂಬರಿ ಹಾರಿತು. ಹೆಸರುಬೇಳೆ ಫ್ಯಾನಿಗೆ ತಗುಲಿ ನಾಲ್ಕು ದಿಕ್ಕಿಗೂ ಐಶ್ವರ್ಯ ಹಂಚಿಹೋಯಿತು. ಮರುದಿನ ಗುಡಿಸುವಂತೆಯೂ ಇಲ್ಲ. ಬಂಗಾರಪೇಟೆಯಿಂದ ಅತ್ತೆಯ ತಮ್ಮ ಆ ಊರಿನ ತಿಳಿನೀರಿನ ಪಾನಿಪುರಿ ಕಟ್ಟಿಸಿಕೊಂಡು ಬಂದಿದ್ದ. ಗೋಬಿ ಮಂಚೂರಿಯಂತೂ ಹಬ್ಬದ ಯಜಮಾನನ ಹಾಗೆ ಮಧ್ಯದಲ್ಲಿ ಕೂತಿತ್ತು. ಅದು ಚೀನಾದಲ್ಲಿ ಯಾರಿಗೂ ಗೊತ್ತಿಲ್ಲವೆಂದು ಮಗಳು ವಿಡಿಯೋ ಕಾಲಿನಲ್ಲಿ ತಲೆ ಚಚ್ಚಿಕೊಂಡಳು.

"ಪಾಪ, ಯಾರೂ ಹೇಳಿಕೊಟ್ಟಿಲ್ಲ" ಎಂದರು ಮಾಮ.

ಪಟಾಕಿಯೂ ಆಯಿತು. ವರ್ಷಕ್ಕೊಮ್ಮೆ ಬರುವ ನಿಯಾನ್ ಎಂಬ ಭೂತ ಸದ್ದಿಗೆ ಹೆದರಿ ಓಡುತ್ತದೆ ಎಂಬ ಕಥೆ ಕೇಳಿ ಹಳೆಯ ಗಣಿಯವರು ನಕ್ಕರು. ನೆಲದಡಿ ಬಂಡೆ ಸಿಡಿದಾಗಲೆಲ್ಲ ಪಾತ್ರೆ ಉರುಳುವ ಮನೆಗಳಲ್ಲಿ ಬೆಳೆದವರಿಗೆ ಇದೆಂಥ ಭೂತ? ಚಾಂಪಿಯನ್ ರೀಫ್ಸಿಗೆ ಬಂದಿದ್ದರೆ ರಾಕ್‌ಬರ್ಸ್ಟಿಗೇ ವಿ.ಆರ್.ಎಸ್. ತೆಗೆದುಕೊಂಡಿರುತ್ತಿತ್ತು.

ಊಟ ಮುಗಿದು ಕ್ಯಾರಿಯರುಗಳು ತುಂಬಿ ಹೊರಟ ಮೇಲೆ ಲೈನಿನವರಿಗೆ ವಿಷಯ ಹೊಳೆಯಿತು. ಈ ಹಬ್ಬ ಮಾಮನೊಬ್ಬರದೇ. ಇಡೀ ಕೆ.ಜಿ.ಎಫ್‌ನಲ್ಲಿ ಅವರಿಗೆ ಎದುರು ಡಬ್ಬಿ ಕಳಿಸಲು ಇನ್ನೊಂದು ಚೀನೀ ಮನೆ ಇಲ್ಲ. ಅಂದರೆ ಎಲ್ಲರ ತಲೆಯ ಮೇಲೂ ಒಂದೊಂದು ಬಾಕಿ ಏರಿತು. ಆಂಗ್ಲೋ ಇಂಡಿಯನ್ ಆಂಟಿ ಈಸ್ಟರಿಗೆ ತೀರಿಸುತ್ತೇನೆ ಎಂದರು. ತಮಿಳಿನವರು ಆಡಿ ತಿಂಗಳವರೆಗೆ ವಾಯಿದೆ ಕೇಳಿದರು. ಎದುರುಮನೆಯ ಭಾಯಿ ಮಾತ್ರ ಕೆಂಪು ಕವರನ್ನು ತಿರುಗಿಸಿ ನೋಡುತ್ತಾ ಕೇಳಿದರು:

"ಈ ವರ್ಷ ಕುದುರೆ ಅಂದ್ರಿ. ಮುಂದಿನ ವರ್ಷ ಯಾವ ಪ್ರಾಣಿ, ಮಾಮ?"

"ಕುರಿ. ಫೆಬ್ರವರಿ ಆರಕ್ಕೆ."

"ಹಂಗಾದ್ರೆ ಅಡುಗೆ ನಮ್ಮನೇದು."